ಮರಂಟನ ಬಾಯಿಗೆ ನಾನು ಹಾಕಿದ ಮಾತು

ಮೊನ್ನೆ ನನ್ನ ತಂಗಿಯ ಮಗಳು ತನ್ನ ಗೆಳತಿಯೊಬ್ಬಳನ್ನು ಕರೆದುಕೊಂಡು ಮನೆಗೆ ಬಂದಿದ್ದಳು. ಇಬ್ಬರಿಗೂ ಡಬ್ಬಿಂಗ್ ಕೆಲಸ ಸಿಕ್ಕಿದೆಯಂತೆ. ಬೇರೆ ಭಾಷೆಯ ಸಿನೆಮಾದಲ್ಲಿ ಬಾಯಿ ಆಡಿಸುವವರಿಗೆ ಕನ್ನಡದಲ್ಲಿ ಮಾತು ಕೊಡುವ ಕೆಲಸ. “ಮಾವ, ನೀವೂ ಇದನ್ನೇ ಮಾಡಿದ್ದಲ್ವಾ? ನಮಗೆ ಎಂತಾದ್ರೂ ಹೇಳಿಕೊಡಿ” ಎಂದಳು. ಹೇಳಲು ಕುಳಿತೆ. ಇಪ್ಪತ್ತು ನಿಮಿಷ ಆಗುವಾಗ ಎದ್ದು ಅಂಗಳಕ್ಕೆ ಹೋಗಿ ಬಂದೆ. ಮತ್ತೆ ಕುಳಿತೆ, ಮತ್ತೆ ಎದ್ದೆ. ಮೂರನೆಯ ಸಲ ಎದ್ದಾಗ ಹುಡುಗಿಯರು ಮುಖ ಮುಖ ನೋಡಿಕೊಂಡು, ಮಾವನಿಗೆ ಮೈ ಸರಿಯಿಲ್ಲ ಎಂದು ತಿಳಿದು ಹೊರಟೇಹೋದರು.

ಮೈ ಸರಿಯಾಗಿಯೇ ಇದೆ. ಆಗ ನಾನಿದ್ದ ಟೂರಿಂಗ್ ಟಾಕೀಸಿನಲ್ಲಿ, ಅಂದರೆ ಊರೂರು ತಿರುಗುವ ಟೆಂಟ್ ಸಿನೆಮಾದಲ್ಲಿ, ಇದ್ದದ್ದು ಒಂದೇ ಪ್ರೊಜೆಕ್ಟರ್. ಒಂದು ರೀಲು ಓಡುವುದು ಇಪ್ಪತ್ತು ನಿಮಿಷ. ಆಮೇಲೆ ದೀಪ ಹಾಕಿ, ರೀಲು ಬದಲಿಸಿ, ಮತ್ತೆ ದೀಪ ಆರಿಸಬೇಕು. ಆ ಲೆಕ್ಕಕ್ಕೆ ಎದ್ದು ಓಡಿ ಅಭ್ಯಾಸವಾದ ಕಾಲು ಈಗಲೂ ಇಪ್ಪತ್ತು ನಿಮಿಷಕ್ಕೆ ಎದ್ದುಬಿಡುತ್ತದೆ. ಮದುವೆ ಮನೆಯಲ್ಲಿ ಪಾಯಸ ಬರುವ ಹೊತ್ತಿಗೆ ನಾನು ಎಲೆಯ ಮುಂದೆ ಇರುವುದಿಲ್ಲ ಎಂದು ನನ್ನ ಹೆಂಡತಿ ಇವತ್ತಿಗೂ ಬೈಯುತ್ತಾಳೆ. ಬಾಯಿಯಲ್ಲಿ ಹೇಳಿ ಮುಗಿಸಲು ಆಗದ್ದನ್ನು ಬರೆದಾದರೂ ಮುಗಿಸೋಣ ಎಂದು ಪೆನ್ನು ಹಿಡಿದಿದ್ದೇನೆ. ನಡುನಡುವೆ ಎದ್ದು ಹೋದರೆ ಕ್ಷಮಿಸಬೇಕು.

ನನ್ನ ಹೆಸರು ವಾಸುದೇವ. ಊರು ಬೆಟ್ಟಂಪಾಡಿ. ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿ ಕುಳಿತವನನ್ನು ಟೆಂಟಿನ ಧಣಿ ಮೋನಪ್ಪಣ್ಣ ಕರೆದದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ನಾನು ತಾಳಮದ್ದಳೆಯಲ್ಲಿ ಸಣ್ಣಪುಟ್ಟ ಅರ್ಥ ಹೇಳುತ್ತಿದ್ದೆ. ವೇಷ ಇಲ್ಲ, ಕುಣಿತ ಇಲ್ಲ, ಕುಳಿತಲ್ಲಿಯೇ ಮಾತಿನಲ್ಲಿ ರಾಜನಾಗುವುದು, ಮಾತಿನಲ್ಲಿಯೇ ಸಾಯುವುದು. ಅದನ್ನು ಒಂದು ದಿನ ಕೇಳಿದ ಮೋನಪ್ಪಣ್ಣ, “ನಿನ್ನ ನಾಲಗೆ ಇಷ್ಟು ಉದ್ದ ಉಂಟಲ್ಲ ಮಾರಾಯ, ಇಲ್ಲಿ ಯಾಕೆ ಬಿಟ್ಟಿ ಹಾಳು ಮಾಡುದು? ನನ್ನ ಟೆಂಟಿಗೆ ಬಾ” ಎಂದರು. ಹೋದೆ.

ಕನ್ನಡ ಸಿನೆಮಾದ ಹೊಸ ಪ್ರಿಂಟು ನಮ್ಮ ಕಡೆಗೆ ಬರುವಾಗ ಅದು ಸವೆದು ಮಳೆ ಸುರಿದ ಹಾಗೆ ಕಾಣುತ್ತಿತ್ತು. ಹಳೆಯ ಇಂಗ್ಲಿಷ್ ಸಿನೆಮಾ ಮಾತ್ರ ಬೇಕಾದಾಗ ಸಿಗುತ್ತಿತ್ತು. ಕತ್ತಿ ಕಾಳಗ ಇದ್ದರೆ ಮೋನಪ್ಪಣ್ಣ ಕಣ್ಣು ಮುಚ್ಚಿ ತರಿಸುತ್ತಿದ್ದರು. ಆದರೆ ಕಡಬದಲ್ಲಿ, ಆಲೆಟ್ಟಿಯಲ್ಲಿ, ಕಲ್ಲುಗುಂಡಿಯಲ್ಲಿ ನೆಲದ ಮೇಲೆ ಕುಳಿತು ನೋಡುವವರಿಗೆ ಇಂಗ್ಲಿಷ್ ತಿಳಿಯಬೇಕಲ್ಲ? ಅದಕ್ಕೆ ನಾನು. ಪರದೆಯ ಪಕ್ಕದಲ್ಲಿ ಸ್ಟೂಲು, ಕೈಯಲ್ಲಿ ಮೈಕು. ಅವರು ಅಲ್ಲಿ ಬಾಯಿ ಬಿಟ್ಟರೆ ನಾನು ಇಲ್ಲಿ ಕನ್ನಡದಲ್ಲಿಯೂ ತುಳುವಿನಲ್ಲಿಯೂ ಮಾತು ಹಾಕುವುದು. ಒಂದೇ ವರ್ಷದಲ್ಲಿ ಮೂರು ಊರಿಗೂ ನಾನು ‘ಮೈಕ್ ವಾಸಣ್ಣ’ ಆದೆ.

ನನ್ನ ಇಂಗ್ಲಿಷ್ ಎಷ್ಟಿತ್ತು ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ. ಹತ್ತು ಮಾತಿನಲ್ಲಿ ಮೂರು ತಿಳಿಯುತ್ತಿತ್ತು. ಉಳಿದ ಏಳು ನನ್ನದೇ. ನಮ್ಮ ಆಪರೇಟರ್ ಲೂವಿಸಣ್ಣ ಮಂಗಳೂರಿನ ಪಾದ್ರಿಗಳ ಶಾಲೆಯಲ್ಲಿ ಓದಿದವರು, ಅವರಿಗೆ ಐದಾರು ತಿಳಿಯುತ್ತಿತ್ತೋ ಏನೋ. ಆದರೆ ಅವರು ಪ್ರೊಜೆಕ್ಟರಿನ ಹತ್ತಿರ ಬೆಳಕಿಗೆ ಇಂಗಾಲದ ಕಡ್ಡಿ ಉರಿಸುತ್ತ ಬೆವರುವವರು, ಅಲ್ಲಿಂದ ಇಲ್ಲಿಗೆ ಕೂಗಿ ಹೇಳುವುದು ಹೇಗೆ? ಮೇಲಾಗಿ ಸಿನೆಮಾದ ಪೆಟ್ಟಿಗೆ ಬಸ್ಸಿನ ಟಾಪಿನ ಮೇಲೆ ಬಂದು ಇಳಿಯುವುದೇ ಆಟದ ದಿನ ಮಧ್ಯಾಹ್ನ. ಮೊದಲೇ ಹಾಕಿ ನೋಡಲು ಸಮಯವಿಲ್ಲ. ಹಾಗಾಗಿ ಮೊದಲ ದಿನದ ಮೊದಲ ಆಟದಲ್ಲಿ ಜನರೊಟ್ಟಿಗೆ ನಾನೂ ಮೊದಲ ಸಲ ನೋಡುವುದು, ಆದರೆ ಎಲ್ಲ ಗೊತ್ತಿದ್ದವನ ಹಾಗೆ ಹೇಳುವುದು. ಮೊದಲ ದಿನ ಹೇಳಿದ್ದು ತಪ್ಪೆಂದು ಎರಡನೆಯ ದಿನ ತಿಳಿದರೂ ಬದಲಾಯಿಸುವ ಹಾಗಿಲ್ಲ. ನಿನ್ನೆ ನೋಡಿದವರು ಇವತ್ತು ಮನೆಯವರನ್ನು ಕರೆದುಕೊಂಡು ಬಂದಿರುತ್ತಾರೆ. “ನಿನ್ನೆ ಅದು ಅವನ ಅಪ್ಪ ಆಗಿದ್ದ, ಇವತ್ತು ಮಾವ ಹೇಗೆ ಆದ?” ಎಂದು ಕೂಗುತ್ತಾರೆ. ಆಡಿದ ಮೇಲೆ ಮುಗಿಯಿತು, ಅದೇ ಕಥೆ.

ಒಮ್ಮೆ ಕಲ್ಲುಗುಂಡಿಯಲ್ಲಿ ಲೂವಿಸಣ್ಣ ಕೊನೆಯ ಎರಡು ರೀಲು ಅದಲುಬದಲು ಮಾಡಿಬಿಟ್ಟರು. ಖಳನಾಯಕ ಸತ್ತು ಬಿದ್ದ, ದೀಪ ಹತ್ತಿತು, ದೀಪ ಆರಿತು, ನೋಡಿದರೆ ಅವನೇ ಕುದುರೆಯ ಮೇಲೆ ಬರುತ್ತಿದ್ದಾನೆ. ಆದರೆ ನಾಲಗೆ ನಿಲ್ಲಲಿಲ್ಲ. “ಅಣ್ಣನ ಸಾವಿನ ಸುದ್ದಿ ಕೇಳಿ ಇದೋ ಬಂದ, ಅವಳಿ ತಮ್ಮ!” ಎಂದೆ. ಟೆಂಟಿಗೆ ಟೆಂಟೇ ಚಪ್ಪಾಳೆ. ಮೋನಪ್ಪಣ್ಣ ಮರುದಿನ ಹೋಟೆಲಿನಲ್ಲಿ ಎಲ್ಲರ ಎದುರು ಬೆನ್ನು ತಟ್ಟಿದರು. ನಾನು ಕೆಟ್ಟದ್ದು ಆ ದಿನ. ನನ್ನ ಮಾತಿನಿಂದ ಮುಚ್ಚಲಾಗದ ತಪ್ಪು ಲೋಕದಲ್ಲಿಯೇ ಇಲ್ಲ ಎಂಬ ಕೊಬ್ಬು ಹತ್ತಿತು.

ಈಗ ಮರಂಟನ ವಿಷಯಕ್ಕೆ ಬರುತ್ತೇನೆ. ತುರ್ತು ಪರಿಸ್ಥಿತಿ ಮುಗಿದ ಮೇಲಿನ ಬೇಸಗೆ, ಕಡಬದಲ್ಲಿ ಕ್ಯಾಂಪು. ಆಗ ಕಡಬ ತಾಲೂಕು ಕೇಂದ್ರವಲ್ಲ, ಪೇಟೆ ಎಂದರೆ ನಾಲ್ಕು ಅಂಗಡಿ, ಮರದ ಡಿಪೊ, ಕಟ್ಟಿದ ಬೀಡಿ ಕೊಳ್ಳುವ ಬ್ರಾಂಚು. ನಮ್ಮ ಟೆಂಟು ಬ್ರಾಂಚಿನ ಹಿಂದಿನ ಗದ್ದೆಯಲ್ಲಿ. ಬಂದ ಸಿನೆಮಾ ಒಬ್ಬ ಕಡಲ್ಗಳ್ಳನದು, ಕಪ್ಪು ಬಿಳುಪು. ಯಾವುದೋ ಸಾಹಸ ಕಾದಂಬರಿಗಳಿಂದ ತೆಗೆದದ್ದಂತೆ. ನಾಯಕನ ಹೆಸರು ಕ್ಯಾಪ್ಟನ್ ಮೊರೆಂಟ್. ಜೀಪಿನಲ್ಲಿ ಮೈಕು ಕಟ್ಟಿ ನಾನು ಮೂರು ದಿನ ಆ ಹೆಸರು ಕೂಗಿದ್ದೇ ಕೂಗಿದ್ದು. ಮರದ ಡಿಪೊದವರಿಗೆ ಅದು ‘ಮರ ಉಂಟು’ ಎಂದು ಕೇಳಿಸಿತು. “ಕ್ಯಾಪ್ಟನಿಗೆ ಮರ ಉಂಟಂತೆ, ಯಾವ ಮರ ಕೇಳು, ಹಲಸಾ, ತೇಗವಾ?” ಎಂದು ಒಬ್ಬರಿಗೊಬ್ಬರು ನಗೆಯಾಡಿದರು. ಸಂಜೆಯಾಗುವಾಗ ಊರಿಗೆಲ್ಲ ಅವನು ಮರಂಟ.

ಕಥೆ ಹೀಗೆ. ಮರಂಟ ಮೊದಲು ದೀಪಸ್ತಂಭ ಕಾಯುವವನು. ಗವರ್ನರನ ಜನ ದೀಪ ಆರಿಸಿ ಹಡಗು ಮುಳುಗಿಸಿ, ತಪ್ಪನ್ನು ಇವನ ಮೇಲೆ ಹಾಕುತ್ತಾರೆ. ಇವನು ಜೈಲಿನಿಂದ ತಪ್ಪಿಸಿಕೊಂಡು ಕಡಲ್ಗಳ್ಳನಾಗಿ ಗವರ್ನರನ ಹಡಗುಗಳನ್ನು ಹಿಡಿಯುತ್ತಾನೆ. ಕೊನೆಗೆ ಗುಂಡು ತಗಲಿ ಸಾಯುತ್ತಾನೆ. ನಡುವೆ ಒಂದು ದೃಶ್ಯ. ಮರಂಟ ಸರಕಿನ ಹಡಗೊಂದನ್ನು ಹಿಡಿದು, ಕತ್ತಿ ಎತ್ತಿ, ಕೆಳಗಿನ ಅಂತಸ್ತಿನತ್ತ ಕೈ ತೋರಿಸಿ ಏನೋ ಕೂಗುತ್ತಾನೆ. ಮರುಕ್ಷಣ ಕೆಳಗಿನ ಕೆಲಸದವರು ದಡಬಡನೆ ಸಮುದ್ರಕ್ಕೆ ಬೀಳುತ್ತಾರೆ. ಮೊದಲ ದಿನ ಅವನು ಏನು ಕೂಗಿದನೋ ನನಗೆ ತಿಳಿಯಲಿಲ್ಲ. ಬೀಳುವವರು ಕಂಡರು, ನಾನು ಮಾತು ಹಾಕಿದೆ: “ಕೆಳಗೆ ಕೆಲಸ ಮಾಡುವವರನ್ನು ಮೊದಲು ನೀರಿಗೆ ಎಸೆಯಿರಿ! ಒಬ್ಬನೂ ಉಳಿಯಬಾರದು!” ಜನ ಉಸಿರು ಬಿಗಿಹಿಡಿದರು. ಚಂದ ಆಯಿತು ಎಂದುಕೊಂಡೆ.

ನಾಲ್ಕನೆಯ ದಿನಕ್ಕೆ ಜನ ಕಡಿಮೆಯಾದರು. ಮೋನಪ್ಪಣ್ಣನಿಗೆ ಕುಳಿತಲ್ಲಿ ಕುಳಿತುಕೊಳ್ಳಲಾಗದು. “ವಾಸು, ಜೀಪಿನಲ್ಲಿ ಎಂತಾದ್ರೂ ಹೊಸದು ಹೇಳು. ಬರೀ ಕತ್ತಿ ಕತ್ತಿ ಹೇಳಿದ್ರೆ ಯಾರು ಬರ್ತಾರೆ?” ಎಂದರು. ಆ ದಿನ ಮರ್ದಾಳದ ದಾರಿಯಲ್ಲಿ ಹೋಗುವಾಗ ನನ್ನ ಬಾಯಿಂದ ಬಂತು: “ಬನ್ನಿ, ನೋಡಿ! ಸತ್ಯಪ್ರಮಾಣವಾಗಿ ನಡೆದ ಕಥೆ! ಸತ್ಯ! ಸತ್ಯ!”

ಘಟ್ಟದ ಮೇಲಿನವರಿಗೆ ಇದರಲ್ಲೇನು ಎಂದು ಅನಿಸಬಹುದು. ನಮ್ಮ ಕಡೆ ಸತ್ಯ ಎಂದರೆ ಸುಳ್ಳಿನ ವಿರುದ್ಧ ಪದ ಮಾತ್ರವಲ್ಲ. ಮನೆಯ ದೈವಗಳನ್ನೇ ತುಳುವಿನಲ್ಲಿ ‘ಸತ್ಯೊಲು’ ಎನ್ನುತ್ತಾರೆ. ಸತ್ಯ ಎಂದು ಮೂರು ಸಲ ಹೇಳಿದವನು ದೈವದ ಎದುರು ನಿಂತು ಹೇಳಿದ ಹಾಗೆ. ಅದು ಗೊತ್ತಿದ್ದೂ ಹೇಳಿದೆ. ಆಟಕ್ಕೆ ಜನ ಬೇಕಿತ್ತು, ಬಂದರು. ಗಂಡಸರಿಗಿಂತ ಹೆಂಗಸರೇ ಹೆಚ್ಚು ಬಂದರು. ಬೀಡಿ ಕಟ್ಟುವ ಲೀಲಾವತಿ ಎಂಬ ಹುಡುಗಿ ತನ್ನ ತಾಯಿ ದೇವಕಿ ಅಕ್ಕನನ್ನು ಮೂರು ಸಂಜೆ ಒಂದರ ಮೇಲೊಂದು ಕರೆದುಕೊಂಡು ಬಂದಳು. ಹೆಂಗಸರ ಬೆಂಚು ನನ್ನ ಸ್ಟೂಲಿನ ಹತ್ತಿರವೇ ಇದ್ದದ್ದರಿಂದ ನನಗೆ ಕಾಣುತ್ತಿತ್ತು. ಆ ಹುಡುಗಿ ಪರದೆ ನೋಡಿದ್ದಕ್ಕಿಂತ ತಾಯಿಯ ಮುಖ ನೋಡಿದ್ದೇ ಹೆಚ್ಚು. ತಾಯಿಯ ಮೇಲೆ ಎಷ್ಟು ಪ್ರೀತಿ ಎಂದುಕೊಂಡೆ.

ಮೂರನೆಯ ಸಂಜೆ ಕಳೆದ ಮರುದಿನ ಬೆಳಿಗ್ಗೆ ನಾನು ಟೆಂಟಿನ ಹಿಂದೆ ಮುಖ ತೊಳೆಯುತ್ತಿದ್ದಾಗ ಒಬ್ಬರು ಕೊಡೆ ಬೀಸಿಕೊಂಡು ಬಂದರು. ಲೀಲಾವತಿಯ ಸೋದರಮಾವ ತಿಮ್ಮಪ್ಪಣ್ಣ. ನಮ್ಮಲ್ಲಿ ಮದುವೆ ಮಾತುಕತೆಯಲ್ಲಿ ಸೋದರಮಾವನ ಮಾತೇ ದೊಡ್ಡದು.

“ನೀನಾ ಮೈಕಲ್ಲಿ ಸತ್ಯ ಹೇಳುವವ?” ಎಂದರು.

“ಹೌದು. ಎಂತ ಆಯ್ತು?”

“ಎಂತ ಆಯ್ತಾ! ನನ್ನ ಸೊಸೆಗೆ ಹಡಗಿನ ಕೆಲಸದ ಹುಡುಗನನ್ನು ನಾನು ನಿಶ್ಚಯ ಮಾಡಿದ್ದು. ಪಂಜದ ಹುಡುಗ, ಸರಕಿನ ಹಡಗಲ್ಲಿ, ಕೆಳಗೆ ಇಂಜಿನಿನ ಹತ್ತಿರ ಕೆಲಸ. ಮದುವೆ ಕಾಗದ ಸಹ ಪ್ರಿಂಟ್ ಆಗಿದೆ. ಈಗ ನನ್ನ ಅಕ್ಕ ಕೊಡುದಿಲ್ಲ ಹೇಳ್ತಾಳೆ. ಮರಂಟ ಕೆಳಗಿನವರನ್ನೇ ಮೊದಲು ನೀರಿಗೆ ಹಾಕುದಂತೆ. ಅವ ಸತ್ತರೂ ಅವನ ಮಕ್ಕಳು ಮರಿ ಇರ್ಲಿಕ್ಕಿಲ್ವಾ ಹೇಳಿ ಕೇಳ್ತಾಳೆ. ನೀನು ಸತ್ಯ ಹೇಳಿದ್ದು, ಈಗ ಅದೆಲ್ಲ ಸುಳ್ಳು ಹೇಳಿ ನೀನೇ ಬಂದು ಹೇಳು!”

ನಗು ಬಂತು. ಆದರೆ ತಿಮ್ಮಪ್ಪಣ್ಣನ ಕಣ್ಣಲ್ಲಿ ನೀರು ನಿಂತಿತ್ತು, ನಗು ಅಲ್ಲಿಯೇ ಬತ್ತಿತು. ಗಂಡಿನ ಮನೆಯವರಿಗೆ ಮುಖ ತೋರಿಸುವುದು ಹೇಗೆ, ಬಿಟ್ಟ ಹುಡುಗಿ ಎಂದು ಹೆಸರು ಬಂದರೆ ನಾಳೆ ಯಾರು ಬರುತ್ತಾರೆ ಎಂದರು. ಅಷ್ಟು ಹೊತ್ತು ಪಕ್ಕದಲ್ಲಿ ಇಂಗಾಲದ ಕಡ್ಡಿ ಒರಸುತ್ತಿದ್ದ ಲೂವಿಸಣ್ಣ, ಅವರು ಹೋದ ಮೇಲೆ ಬಾಯಿ ಬಿಟ್ಟರು. “ವಾಸು, ಆ ಮರಂಟ ಅಲ್ಲಿ ಹೇಳುದು ಎಂತ ಗೊತ್ತುಂಟಾ? ಕೆಳಗಿನವರು ಬಡವರು, ಅವರನ್ನು ಮುಟ್ಟಬೇಡಿ, ಹೋಗ್ಲಿಕ್ಕೆ ಬಿಡಿ ಹೇಳುದು. ಅವರು ಬೀಳುದಲ್ಲ, ದೋಣಿಗೆ ಹಾರುದು.”

“ನೀವು ಮೊದಲೇ ಹೇಳ್ಬಾರದಿತ್ತಾ ಲೂವಿಸಣ್ಣ?”

“ನೀನು ಯಾವಾಗ ಕೇಳಿದ್ದು?” ಎಂದರು.

ಒಬ್ಬ ಒಳ್ಳೆಯವನ ಬಾಯಿಗೆ ಕೊಲೆಯ ಮಾತು ಹಾಕಿದ್ದೆ. ಅಂದಿನಿಂದ ನನಗೆ ಊಟ ಸೇರಲಿಲ್ಲ. ಮೋನಪ್ಪಣ್ಣನ ಹತ್ತಿರ ಹೋಗಿ, ಜೀಪಿನಲ್ಲಿ ಸತ್ಯ ಎನ್ನುವುದನ್ನು ನಿಲ್ಲಿಸುತ್ತೇನೆ ಎಂದೆ. “ಟೆಂಟು ತುಂಬುವಾಗ ನಿನಗೆ ಧರ್ಮ ನೆನಪಾದದ್ದಾ? ಇನ್ನು ನಾಲ್ಕು ದಿನ ಬಾಯಿ ಮುಚ್ಚು. ಮುಚ್ಚು ಅಂದ್ರೆ ಮುಚ್ಚುದಲ್ಲ, ಅದನ್ನೇ ಹೇಳು” ಎಂದರು. ಕೇಳದೆ ನಾನು ಮರುದಿನ ನಡು ಮಧ್ಯಾಹ್ನ ಗುಡ್ಡ ಹತ್ತಿ ದೇವಕಿ ಅಕ್ಕನ ಮನೆಗೆ ಹೋದೆ. ಕೈಯಲ್ಲಿ ಮರಂಟನ ಕಾದಂಬರಿ. ಪುತ್ತೂರಿನ ಒಬ್ಬ ಮೇಷ್ಟರಿಂದ ತಂದದ್ದು, ಶಾಲೆಯ ಮಕ್ಕಳಿಗಾಗಿ ಸಣ್ಣದು ಮಾಡಿದ ಪುಸ್ತಕ. ಜಗಲಿಯಲ್ಲಿ ಲೀಲಾವತಿ ಬೀಡಿ ಎಲೆ ತುಂಬಿದ ಗೆರಸೆ ಮಡಿಲಲ್ಲಿ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ. ದೇವಕಿ ಅಕ್ಕ ಬೆಲ್ಲ ನೀರು ಕೊಟ್ಟು ಕೂರಿಸಿದರು.

“ಅಕ್ಕ, ಇದು ಒಬ್ಬ ಬರೆದ ಪುಸ್ತಕ. ಕಟ್ಟುಕಥೆ. ಮರಂಟ ಹೇಳಿ ಯಾರೂ ಇರ್ಲಿಲ್ಲ” ಎಂದೆ.

“ಪುರಾಣ ಇರುದು ಸಹ ಪುಸ್ತಕದಲ್ಲೇ ಅಲ್ವಾ?” ಎಂದರು.

“ಅದು ಬೇರೆ ಅಕ್ಕ.”

“ಹೇಗೆ ಬೇರೆ? ನೀವು ಮೈಕಲ್ಲಿ ಮೂರು ಸಲ ಸತ್ಯ ಹೇಳಿದ್ದು ನಾನು ಈ ಅಂಗಳದಲ್ಲಿ ನಿಂತು ಕೇಳಿದ್ದೇನೆ. ಈಗ ನನ್ನ ತಮ್ಮ ನಿಮಗೆ ಎಂತಾದ್ರೂ ಹೇಳಿ ಕಳಿಸಿದ್ದಾ?”

ಪುಸ್ತಕವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎದ್ದೆ. ಹೊರಟು ಅಂಗಳ ದಾಟುವಾಗ ಲೀಲಾವತಿ ಮೊದಲ ಸಲ ಮಾತಾಡಿದಳು. “ಈ ಬಿಸಿಲಲ್ಲಿ ನೀವು ಯಾಕೆ ಬಂದದ್ದು ವಾಸಣ್ಣ? ಬರುದು ಬೇಡ ಇತ್ತು” ಎಂದಳು. ಪಾಪ, ತನ್ನ ಮದುವೆ ಮುರಿದ ದುಃಖದಲ್ಲಿಯೂ ನನ್ನ ಬಿಸಿಲಿನ ಚಿಂತೆ ಮಾಡುತ್ತಾಳಲ್ಲ ಎಂದುಕೊಂಡೆ. ಈ ಮದುವೆ ಮಾಡಿಸದೆ ಬಿಡುವುದಿಲ್ಲ ಎಂದು ಅಲ್ಲಿಯೇ ತೀರ್ಮಾನಿಸಿದೆ.

ಕಡಬ ಕ್ಯಾಂಪಿನ ಕೊನೆಯ ಸಂಜೆ, ಟೆಂಟು ತುಂಬಿತ್ತು. ತಿಮ್ಮಪ್ಪಣ್ಣ ಅಕ್ಕನನ್ನು ಎಳೆದುಕೊಂಡೇ ಬಂದಿದ್ದರು. ಹಡಗು ಹಿಡಿಯುವ ದೃಶ್ಯ ಬಂದಾಗ ನಾನು ಸ್ಟೂಲಿನಿಂದ ಎದ್ದು ನಿಂತು, “ಮಹಾಜನರೇ, ಇಷ್ಟು ದಿನ ನಾನು ಹೇಳಿದ್ದು ತಪ್ಪು. ಇದು ನಡೆದ ಕಥೆಯಲ್ಲ, ಕಟ್ಟಿದ ಕಥೆ. ಮರಂಟ ಇಲ್ಲಿ ಹೇಳುವುದು ಕೆಳಗಿನವರನ್ನು ಬಿಟ್ಟುಬಿಡಿ ಎಂದು” ಎಂದುಬಿಟ್ಟೆ. ಆಮೇಲೆ ಶಿಳ್ಳೆ, ಬೊಬ್ಬೆ, ನೆಲದವರು ಎದ್ದು ನಿಂತರು. “ಸುಳ್ಳಾದ್ರೆ ನಮ್ಮನ್ನು ಯಾಕೆ ಕರೆದದ್ದು?” ಎಂದು ಒಬ್ಬ ಕೂಗಿದ. ತೆಂಗಿನ ಮಡಲಿನ ಗೋಡೆ ಒಂದು ಕಡೆ ಮುರಿಯಿತು. ಮೋನಪ್ಪಣ್ಣ ಓಡಿ ಬಂದು ನನ್ನ ಕೈಯಿಂದ ಮೈಕು ಕಿತ್ತುಕೊಂಡರು.

ಇಷ್ಟೆಲ್ಲ ಮಾಡಿ ಆದದ್ದೇನು? ದೇವಕಿ ಅಕ್ಕ ಹೊರಗೆ ಹೋಗುವಾಗ ತಮ್ಮನಿಗೆ ಹೇಳಿದರಂತೆ: “ಯಾರೋ ಹೆದರಿಸಿ ಹೇಳಿಸಿದ್ದು. ಮೈಕಿನ ಹುಡುಗನ ಮುಖ ಬೆಳ್ಳಗಾಗಿತ್ತು, ನೋಡ್ಲಿಲ್ವಾ ನೀನು?” ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು.

ಕ್ಯಾಂಪು ಸುಳ್ಯಕ್ಕೆ ಹೋಯಿತು. ಮೋನಪ್ಪಣ್ಣ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಮೈಕು ಮಾತ್ರ ಕೊಡಲಿಲ್ಲ. ರೀಲು ಸುತ್ತುವ ಕೆಲಸ ಕೊಟ್ಟರು. ಹ್ಯಾಂಡಲ್ ತಿರುಗಿಸುತ್ತ ತಿರುಗಿಸುತ್ತ ತಲೆಗೆ ಹುಳ ಬಿಟ್ಟ ಹಾಗೆ ಒಂದೇ ಯೋಚನೆ. ಒಂದು ಸೋಮವಾರ ಬಿಡುವು ಸಿಕ್ಕಿದಾಗ ಮಂಗಳೂರಿಗೆ ಬಸ್ಸು ಹತ್ತಿ, ಸಿನೆಮಾ ಪೆಟ್ಟಿಗೆ ಕೊಡುವ ಆಫೀಸಿಗೆ ಹೋದೆ. ಗುಮಾಸ್ತ ಪಟ್ಟಿ ನೋಡಿ, “ಮೊರೆಂಟಿನದ್ದು ಇನ್ನೊಂದು ಉಂಟು. ಕಲರ್. ಬೇರೆ ಹೀರೋ” ಎಂದ. ನನಗೆ ನಿಧಿ ಸಿಕ್ಕ ಹಾಗಾಯಿತು. ಒಂದೇ ಮರಂಟ, ಎರಡು ಮುಖ! ಇದಕ್ಕಿಂತ ಸಾಕ್ಷಿ ಬೇಕೇ? ಕಲರ್ ಎಂದ ಕೂಡಲೇ ಮೋನಪ್ಪಣ್ಣ ಹೂಂ ಎಂದರು. ಹಾವೂ ಸತ್ತ ಹಾಗೆ, ಕೋಲೂ ಮುರಿಯದ ಹಾಗೆ.

ಈ ಸಲ ನಾನು ಬುದ್ಧಿ ಕಲಿತಿದ್ದೆ. ಪೆಟ್ಟಿಗೆ ಒಂದು ದಿನ ಮೊದಲೇ ತರಿಸಿ, ಲೂವಿಸಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದು ಮಾತನ್ನೂ ಕೇಳಿ ಬರೆದುಕೊಂಡೆ. ಮೊದಲೇ ನೋಡಿ, ಬರೆದು, ಆಮೇಲೆ ಮಾತಾಡುವ ಕ್ರಮ ನಮ್ಮ ಟೆಂಟಿನಲ್ಲಿ ಸುರುವಾದದ್ದು ಅಂದಿನಿಂದ. ಈ ಮರಂಟ ಕೆಂಪು ಕೂದಲಿನವನು, ಹಾಡುತ್ತಾನೆ, ಕೊನೆಗೆ ಸಾಯುವುದೂ ಇಲ್ಲ. ಗವರ್ನರನ ಮಗಳನ್ನು ಮದುವೆಯಾಗುತ್ತಾನೆ. ಮೋನಪ್ಪಣ್ಣ ಮೈಕು ವಾಪಸು ಕೊಟ್ಟರು. ತಿಮ್ಮಪ್ಪಣ್ಣ ಅಕ್ಕನನ್ನು ಕಡಬದಿಂದ ಬಸ್ಸು ಬದಲಿಸಿ ಕರೆದುಕೊಂಡು ಬಂದರು. ಲೀಲಾವತಿ ಬಂದಿರಲಿಲ್ಲ.

ಸಂಜೆಯ ಆಟ ಮುಗಿದ ಮೇಲೆ ಟೆಂಟಿನ ಎದುರು ಕುರ್ಚಿ ಹಾಕಿ ಕೂರಿಸಿ ಕೇಳಿದೆ. “ಅಕ್ಕ, ಈಗ ಹೇಳಿ. ಆ ಮರಂಟ ಕಪ್ಪು ಕೂದಲಿನವ, ಇವ ಕೆಂಪು ಕೂದಲಿನವ. ಮುಖ ಬೇರೆ, ಸ್ವರ ಬೇರೆ. ನಿಜವಾದ ಮನುಷ್ಯ ಆದ್ರೆ ಎರಡು ಮುಖ ಹೇಗೆ?”

ದೇವಕಿ ಅಕ್ಕ ನನ್ನನ್ನು ಪಾಪದವನನ್ನು ನೋಡುವ ಹಾಗೆ ನೋಡಿದರು. “ನೀವು ಅರ್ಥ ಹೇಳುವವರು, ನಿಮಗೆ ಗೊತ್ತಿಲ್ವಾ? ಹೋದ ವರ್ಷ ಯಕ್ಷಗಾನ ಮೇಳದಲ್ಲಿ ದೇವಿ ಮಾಡಿದವರು ಬೇರೆ, ಈ ವರ್ಷ ಮಾಡಿದವರು ಬೇರೆ. ಹಾಗೆ ಹೇಳಿ ದೇವಿ ಸುಳ್ಳಾ? ಇದು ವೇಷ.”

ತಿಮ್ಮಪ್ಪಣ್ಣ ಕೊಡೆಯನ್ನು ನೆಲಕ್ಕೆ ಕುಟ್ಟಿದರು. ಆದರೆ ದೇವಕಿ ಅಕ್ಕನ ಮುಖದಲ್ಲಿ ಏನೋ ಅಲುಗಾಡುತ್ತಿತ್ತು. ಮದುವೆಯ ದೃಶ್ಯದಲ್ಲಿ ಅವರು ಸೆರಗಿನಿಂದ ಕಣ್ಣು ಒರಸಿದ್ದನ್ನು ನಾನು ನೋಡಿದ್ದೆ.

“ಒಂದು ಮಾತು ಕೇಳ್ತೇನೆ” ಎಂದರು. “ಅದರಲ್ಲಿ ಅವ ಕೆಳಗಿನವರನ್ನು ಕೊಂದ, ಅವನೂ ಸತ್ತ. ಇದರಲ್ಲಿ ಯಾರನ್ನೂ ಕೊಲ್ಲುದಿಲ್ಲ, ಮದುವೆ ಆಗ್ತಾನೆ. ಎರಡರಲ್ಲಿ ಯಾವುದು ಸತ್ಯ? ಅದೊಂದು ಹೇಳಿ, ಸಾಕು.”

ಪುಸ್ತಕವನ್ನು ಆ ಹೊತ್ತಿಗೆ ನಾನು ಪೂರ್ತಿ ಓದಿದ್ದೆ. ಅದರಲ್ಲಿ ಎರಡೂ ಇಲ್ಲ. ಮರಂಟ ಸಾಯುವುದಿಲ್ಲ, ಮದುವೆಯೂ ಆಗುವುದಿಲ್ಲ. ಹಡಗು ಏರಿ ಹೋಗುತ್ತಾನೆ, ಮುಂದೇನಾಯಿತು ಎಂದು ಬರೆದವನು ಹೇಳುವುದೇ ಇಲ್ಲ. ಅದನ್ನು ಹೇಳಬೇಕಿತ್ತು. ಹೇಳಿದರೆ ಅವರು ಮತ್ತೆ ಹಿಂದೆ ಸರಿಯುತ್ತಾರೆ ಎಂದು ಹೆದರಿದೆ. ಜಗಲಿಯಲ್ಲಿ ತಲೆ ತಗ್ಗಿಸಿ ಕುಳಿತ ಆ ಹುಡುಗಿಯ ನೆನಪಾಯಿತು.

“ಮದುವೆ ಆದದ್ದೇ ಸತ್ಯ ಅಕ್ಕ” ಎಂದೆ. “ಕಪ್ಪು ಬಿಳುಪಿನದ್ದು ನಾನು ತಪ್ಪು ಹೇಳಿದ್ದು.”

“ಸತ್ಯ?”

“ಸತ್ಯ.”

ದೇವಕಿ ಅಕ್ಕ ತಮ್ಮನ ಕಡೆಗೆ ತಿರುಗಿ, “ಹಾಗಾದ್ರೆ ನೀನು ಪಂಜಕ್ಕೆ ಹೇಳಿ ಕಳಿಸು” ಎಂದರು. ಒಂದು ಸುಳ್ಳು ಸತ್ಯವನ್ನು ಮುಚ್ಚಲು ಇನ್ನೊಂದು ಸುಳ್ಳು ಸತ್ಯ. ಆ ಕ್ಷಣಕ್ಕೆ ನನಗೆ ಹಾಗೆ ಅನಿಸಲೇ ಇಲ್ಲ. ಲೂವಿಸಣ್ಣನನ್ನು ತಬ್ಬಿಕೊಂಡು ಕುಣಿದೆ.

ಬೇಸಗೆಯ ಕೊನೆಗೆ ಬರುವ ಪತ್ತನಾಜೆಗೆ ನಮ್ಮ ಕಡೆ ಮೇಳದ ಆಟಗಳೆಲ್ಲ ಮುಗಿಯುತ್ತವೆ, ಟೆಂಟೂ ಕಳಚುತ್ತದೆ. ಅದಕ್ಕೆ ಒಂದು ವಾರ ಮೊದಲು ಮದುವೆಯಾಯಿತು. ತಿಮ್ಮಪ್ಪಣ್ಣ ನನ್ನನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿದರು. ಲೀಲಾವತಿ ಧಾರೆಗೆ ನಿಂತಾಗ ನನ್ನನ್ನು ಒಮ್ಮೆ ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದಳು. ಮದುಮಗಳ ನಾಚಿಕೆ ಎಂದುಕೊಂಡೆ. ಒಳಗೊಳಗೆ ಮಾತ್ರ ಹೆದರಿಕೆ ಬಿಡಲಿಲ್ಲ. ಮುಂದಿನ ಮೂರು ನಾಲ್ಕು ವರ್ಷ ಕಡಬದ ಕಡೆಯವರು ಯಾರು ಸಿಕ್ಕರೂ, ಪಂಜದ ಅಳಿಯ ಊರಿಗೆ ಬಂದನಾ ಎಂದು ಕೇಳುತ್ತಿದ್ದೆ. ರೇಡಿಯೊದಲ್ಲಿ ಎಲ್ಲೋ ಹಡಗು ಮುಳುಗಿದ ವಾರ್ತೆ ಬಂದರೆ ಎದ್ದು ಹೊರಗೆ ಹೋಗುತ್ತಿದ್ದೆ. ಮೈಕಿನಲ್ಲಿ ಇಟ್ಟ ಆಣೆ ಆ ಹುಡುಗನ ತಲೆಯ ಮೇಲೆ ಇದೆ ಎಂದು ನನಗೆ ಅನಿಸುತ್ತಿತ್ತು. ಅವನು ಬಂದ ಎಂದು ಕೇಳಿದ ದಿನ ಊಟ ರುಚಿಸುತ್ತಿತ್ತು. ಹೊಸದಾಗಿ ಟೆಂಟಿಗೆ ಸೇರಿದವರಿಗೆಲ್ಲ ನಾನು ಈ ಕಥೆ ಹೇಳಿದ್ದೇನೆ. ಮಾತಿಗೆ ಎಷ್ಟು ಶಕ್ತಿ ನೋಡಿ, ಮುರಿದ ಮದುವೆ ಕಟ್ಟಿದ್ದೇನೆ ಎಂದು ಎದೆ ಉಬ್ಬಿಸಿ ಹೇಳಿದ್ದೇನೆ.

ಎಂಬತ್ತರ ದಶಕದಲ್ಲಿ ಟೆಂಟಿನ ಆಟ ನಿಂತಿತು. ಊರೂರಿಗೆ ವಿಡಿಯೊ ಬಂತು. ಮೋನಪ್ಪಣ್ಣ ಟೆಂಟಿನ ಬಟ್ಟೆ ಮಡಚಿ ಕೊಟ್ಟಿಗೆಗೆ ಹಾಕಿದರು, ಲೂವಿಸಣ್ಣ ಮಂಗಳೂರಿಗೆ ಹೋದರು. ನಾನು ಪುತ್ತೂರಿನ ಬಸ್ ನಿಲ್ದಾಣದ ಹತ್ತಿರ ವಿಡಿಯೊ ಕ್ಯಾಸೆಟ್ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಸೇರಿಕೊಂಡೆ. ಮಾತು ಬೇಡದ ಕೆಲಸ. ಕ್ಯಾಸೆಟ್ ತೆಗೆಯುವುದು, ಪುಸ್ತಕದಲ್ಲಿ ನಂಬರು ಬರೆಯುವುದು, ಕೊಡುವುದು. ಕುಳಿತು ಕುಳಿತು ಹುಚ್ಚು ಹಿಡಿಯುವುದೊಂದು ಬಾಕಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಕಪಾಟಿನ ಕ್ಯಾಸೆಟ್‌ಗಳನ್ನು ಸುಮ್ಮನೆ ಅಲ್ಲಿಂದ ಇಲ್ಲಿಗೆ ಬದಲಿಸಿ ಇಡುತ್ತಿದ್ದೆ.

ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಬ್ಬರು ಹೆಂಗಸು ಬಂದು ಕಪಾಟು ನೋಡುತ್ತ ನಿಂತರು. ಆ ವಾರವೇ ಬಂದ ಒಂದು ಕ್ಯಾಸೆಟ್ ಎತ್ತಿ, “ಇದು ನಿಮ್ಮ ಮರಂಟನದ್ದಲ್ವಾ ವಾಸಣ್ಣ?” ಎಂದರು. ಹೌದು, ಅವನದೇ ಮೂರನೆಯ ಸಿನೆಮಾ, ಹೊಸ ಹೀರೋ. ತಲೆ ಎತ್ತಿ ನೋಡಿದರೆ ಲೀಲಾವತಿ. ಮಗಳನ್ನು ಶಾಲೆಗೆ ಹಾಕಲು ಪುತ್ತೂರಿನಲ್ಲಿ ಬಾಡಿಗೆ ಮನೆ ಮಾಡಿದ್ದಾಳಂತೆ. ಗಂಡ ಟಿ.ವಿ., ವಿ.ಸಿ.ಆರ್. ಎಲ್ಲ ತಂದು ಕೊಟ್ಟಿದ್ದಾನಂತೆ.

“ಗಂಡ ಹೇಗಿದ್ದಾರೆ?” ಎಂದೆ.

“ಒಳ್ಳೆ ಮನುಷ್ಯ. ವರ್ಷದಲ್ಲಿ ಒಂದೂವರೆ ತಿಂಗಳು ಒಳ್ಳೆ ಮನುಷ್ಯ. ಉಳಿದದ್ದು ಗೊತ್ತಿಲ್ಲ, ನಾನು ನೋಡ್ಲಿಲ್ಲ” ಎಂದು ನಕ್ಕಳು.

ನಾನೂ ನಕ್ಕೆ. ಎಷ್ಟೋ ವರ್ಷದಿಂದ ಅವಳ ಬಾಯಿಂದ ಒಂದು ಒಳ್ಳೆಯ ಮಾತು ಕೇಳುವ ಆಸೆ ಇತ್ತು, ಸುಮ್ಮನಿರಲು ಆಗಲಿಲ್ಲ. “ಅವತ್ತು ನಾನು ಮಂಗಳೂರಿಗೆ ಹೋಗಿ ಆ ಕಲರ್ ಸಿನೆಮಾ ತಾರದಿದ್ರೆ ನಿಮ್ಮ ಮದುವೆ ಆಗ್ತಾ ಇತ್ತಾ ಹೇಳಿ” ಎಂದೆ.

“ಆಗ್ತಾ ಇರ್ಲಿಲ್ಲ” ಎಂದಳು. ನಗು ಹೋಗಿತ್ತು. “ವಾಸಣ್ಣ, ಅಮ್ಮನನ್ನು ಮೂರು ಸಂಜೆ ಟೆಂಟಿಗೆ ಕರ್ಕೊಂಡು ಬಂದದ್ದು ಯಾರು?”

“ನೀವೇ.”

“ಯಾಕೆ ಹೇಳಿ?”

ಅವಳೇ ಹೇಳಿದಳು. “ನನಗೆ ಮಂಗಳೂರಲ್ಲಿ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು. ಕಾರ್ಡು ಗೆರಸೆಯ ಅಡಿಯಲ್ಲಿ ಇಟ್ಟುಕೊಂಡಿದ್ದೆ. ನನ್ನನ್ನು ಎರಡು ವರ್ಷ ಬಿಟ್ಟಿದ್ರೆ ಸಾಕಿತ್ತು. ಮಾವ ಕೇಳುವ ಜನ ಅಲ್ಲ, ಅಮ್ಮನಿಗೆ ಮಾವ ಹೇಳಿದ್ದೇ ಆಗ್ಬೇಕು. ನೀವು ಮೈಕಲ್ಲಿ ಕೆಳಗಿನವರನ್ನು ಎಸೆಯಿರಿ ಹೇಳಿದಾಗ ನನಗೆ ದೇವರು ಬಂದ ಹಾಗೆ ಆಯ್ತು. ಮೂರನೇ ದಿನ ಅಮ್ಮ ಕೊಡುದಿಲ್ಲ ಹೇಳಿದ್ರು. ಆ ಮದುವೆಯನ್ನು ಅಷ್ಟು ಕಷ್ಟದಲ್ಲಿ ನಿಲ್ಲಿಸಿದ್ದು ನಾನು. ನೀವು ಬಿಸಿಲಲ್ಲಿ ಗುಡ್ಡ ಹತ್ತಿ ಬಂದು ಮಾಡಿಸಿದ್ರಿ.”

ನನ್ನ ಕೈಯಲ್ಲಿದ್ದ ಪೆನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. “ಒಂದು ಮಾತು ಹೇಳ್ಬಹುದಿತ್ತಲ್ಲ ನೀವು” ಎಂದೆ.

“ನಾನು ಆ ಜಗಲಿಯಲ್ಲೇ ಕೂತಿದ್ದೆ ವಾಸಣ್ಣ. ಒಂದು ಮಾತು ಕೇಳ್ಬಹುದಿತ್ತಲ್ಲ ನೀವು.”

ಹೊರಗೆ ಬಸ್ಸಿನ ಹಾರ್ನು ಹೊಡೆಯುತ್ತಿತ್ತು. ಎದ್ದು ಓಡಿಹೋಗಬೇಕು ಅನಿಸಿತು. ಆದರೆ ಅವಳು ಎದುರು ನಿಂತಿದ್ದಳು, ಕೋಪವೂ ಇಲ್ಲದೆ. ಅವಳಿಗೆ ಕೋಪ ಬಂದಿದ್ದರೆ ನನಗೆ ಹಗುರವಾಗುತ್ತಿತ್ತು. ಕ್ಯಾಸೆಟ್ಟನ್ನು ತಿರುಗಿಸಿ ನೋಡುತ್ತ, “ಇದರಲ್ಲಿ ಅವ ಕಡೆಗೆ ಎಂತ ಆಗ್ತಾನೆ?” ಎಂದಳು.

“ನೋಡ್ಲಿಲ್ಲ. ಗೊತ್ತಿಲ್ಲ” ಎಂದೆ.

“ಗೊತ್ತಿಲ್ಲ ಹೇಳ್ಲಿಕ್ಕೆ ನಿಮಗೆ ಬರ್ತದಾ?” ಎಂದಳು.

ಪುಸ್ತಕ ಬಿಡಿಸಿ ಅವಳ ಹೆಸರು, ಕ್ಯಾಸೆಟ್ಟಿನ ನಂಬರು ಬರೆದೆ. ನಂಬರು ತಪ್ಪಾಯಿತು. ಅವಳು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ತಪ್ಪಾದದ್ದಕ್ಕೆ ಒಂದು ಅಡ್ಡ ಗೆರೆ ಎಳೆದು, ಪಕ್ಕದಲ್ಲಿ ದುಂಡಗೆ ಸರಿಯಾದದ್ದನ್ನು ಬರೆದು ಕೊಟ್ಟಳು.